ಮರೆತ ಹಗೇವು, ಮೇಲೆದ್ದ ನೀರು

ಗದಗ ಜಿಲ್ಲೆಯ ನರಗುಂದದಲ್ಲಿ 2019ರ ಭಾರಿ ಮಳೆಯ ನಂತರ ನೆಲ ಕುಸಿಯತೊಡಗಿತು. ಕಸಬಾ ಓಣಿ, ಅರ್ಭಾಣ ಓಣಿ, ಹಗೇದಕಟ್ಟಿ ಓಣಿಗಳಲ್ಲಿ ಮನೆಯೊಳಗೆ, ಅಂಗಳದಲ್ಲಿ, ನಡುಬೀದಿಯಲ್ಲಿ ಇದ್ದಕ್ಕಿದ್ದಂತೆ ಗುಂಡಿ ಬೀಳುತ್ತಿದ್ದವು. ಭೂಕಂಪವೇನೂ ಆಗಿರಲಿಲ್ಲ. ಅಂತರ್ಜಲ ಮೇಲೇರಿತ್ತು, ಅದರ ದಾರಿಯಲ್ಲಿ ಹಳೆಯ ಹಗೇವುಗಳಿದ್ದವು, ಕಾಳು ಕೂಡಿಡಲು ನೆಲದಡಿ ತೋಡಿದ ಗುಂಡಿಗಳು.

ಹಗೇವು ಎಂದರೇನೆಂದು ನಮ್ಮ ಕೊಳ್ಳೇಗಾಲ, ಹನೂರು ಸೀಮೆಯ ಹಿರಿಯರಿಗೆ ಹೇಳಿಕೊಡಬೇಕಿಲ್ಲ. ಅಲ್ಲಿ ಜೋಳ, ಇಲ್ಲಿ ರಾಗಿ, ಅಷ್ಟೇ ವ್ಯತ್ಯಾಸ. ಕಿರಿದಾದ ಬಾಯಿ, ಅಗಲವಾದ ಹೊಟ್ಟೆ. ಒಳಗೆ ಹುಲ್ಲು ಹೊದಿಸಿ, ಕಾಳು ಸುರಿದು, ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ರಾಗಿ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಬರಗಾಲಕ್ಕೆ ಅದೇ ದಿಕ್ಕು. ಬಾಯಿ ತೆರೆದ ಮೇಲೆ ಕೆಟ್ಟ ಗಾಳಿ ಹೋಗುವ ತನಕ ಯಾರೂ ಕೆಳಗಿಳಿಯುತ್ತಿರಲಿಲ್ಲ. ಸುತ್ತಲಿನ ಮಣ್ಣು ಒಣಗಿರುವ ತನಕ ಮಾತ್ರ ಹಗೇವು ಭದ್ರ. ಮುಂದೆ ಗೋಣಿಚೀಲ ಬಂತು, ರೇಷನ್ ಅಂಗಡಿ ಬಂತು. ಹಗೇವಿಗೆ ಕಸ, ಸಡಿಲ ಮಣ್ಣು ತುಂಬಿದರು, ಕೆಲವನ್ನು ಹಾಗೇ ಬಿಟ್ಟರು. ಮೇಲೆ ಮನೆ ಎದ್ದಿತು.

ಸಡಿಲ ಮಣ್ಣು ಒಣಗಿದ್ದಾಗ ಗಟ್ಟಿಯಾಗಿಯೇ ಕಾಣುತ್ತದೆ. ಕಣಕಣಗಳ ನಡುವೆ ತೆಳ್ಳಗಿನ ಜೇಡಿ, ಉಪ್ಪು, ಸುಣ್ಣದಂಶ ಬೆಸುಗೆ ಹಾಕಿರುತ್ತವೆ. ಕೆಳಗಿನಿಂದ ನೀರು ಏರಿತೆಂದರೆ ಆ ಬೆಸುಗೆ ಬಿಡುತ್ತದೆ. ಹೊಸ ಭಾರವೇನೂ ಬೀಳದಿದ್ದರೂ ಕಣಗಳು ಜಾರಿ ಒತ್ತಾಗುತ್ತವೆ, ಮೇಲಿನ ಗೋಡೆ ಕೂರುತ್ತದೆ. ನರಗುಂದದ ಎರೆಮಣ್ಣು ನೀರು ಕುಡಿದರೆ ಉಬ್ಬುವ ಜಾತಿಯದು, ಅದನ್ನೇ ದೂರುವುದು ಸರಿಯಲ್ಲ. ಕುಸಿಯುವುದು ಹಗೇವಿನ ನೆನೆದ ಗೋಡೆ, ಅದರೊಳಗೆ ಮನುಷ್ಯರೇ ಸುರಿದ ಮಣ್ಣು.

ಮಣ್ಣು ಹೀಗೆ ಕುಸಿಯುತ್ತದೆಯೇ ಎಂದು ಮೊದಲೇ ಅಳೆಯಬಹುದು. ದಕ್ಷಿಣ ಆಫ್ರಿಕಾದ ಜೆನ್ನಿಂಗ್ಸ್ ಮತ್ತು ನೈಟ್ 1975ರಲ್ಲಿ ಕೊಟ್ಟ ಮಾನದಂಡ ಇಂದಿಗೂ ಬಳಕೆಯಲ್ಲಿದೆ: ಮಣ್ಣಿನ ಬಿಲ್ಲೆಯನ್ನು 200 ಕಿಲೋಪಾಸ್ಕಲ್ ಒತ್ತಡದಲ್ಲಿಟ್ಟು ನೀರು ಬಿಡುವುದು. ದಪ್ಪ ಶೇ 5ಕ್ಕಿಂತ ಹೆಚ್ಚು ಇಳಿದರೆ ಆ ಜಾಗ ತೊಂದರೆಯದು. ಕ್ಯಾಲಿಫೋರ್ನಿಯಾದ ಸ್ಯಾನ್ ವಾಕಿನ್ ಕಣಿವೆಯಲ್ಲಿ ದೊಡ್ಡ ನಾಲೆ ತೋಡುವ ಮುನ್ನ ನೆಲಕ್ಕೆ ತಿಂಗಳುಗಟ್ಟಲೆ ನೀರು ನಿಲ್ಲಿಸಿ, ಕುಸಿಯುವಷ್ಟನ್ನೂ ಮೊದಲೇ ಕುಸಿಸಿಬಿಟ್ಟರು.

ಒಡೆಯರಪಾಳ್ಯದ ಕಡೆಯ ನಮಗೆ ನೀರು ಏರುವುದೆಂದರೆ ಹಬ್ಬ. ಗುಂಡಾಲ್ ಜಲಾಶಯ, ಹುಬ್ಬೆಹುಣಸೆ, ರಾಮನಗುಡ್ಡದ ಕೆರೆಗಳಿಗೆ ಕಾವೇರಿ ನೀರು ತರುವ ಯೋಜನೆಗಾಗಿ ಈ ಸೀಮೆಯ ರೈತರು ಎಷ್ಟು ಕಾದಿದ್ದಾರೆಂದು ಬಲ್ಲವರು ಬೇಡ ಎನ್ನಲಾರರು, ನಾನೂ ಎನ್ನಲಾರೆ. ಆದರೆ ಕೆರೆ ತುಂಬಿದರೆ ಸುತ್ತಲಿನ ಅಂತರ್ಜಲವೂ ಏರುತ್ತದೆ. ಯೋಜನೆಯ ನಕ್ಷೆಯಲ್ಲಿ ಪೈಪು, ಕೆರೆ, ಏರಿ ಎಲ್ಲ ಕಾಣುತ್ತವೆ, ಹಗೇವು ಕಾಣುವುದಿಲ್ಲ. ಅದು ಯಾವ ಹಿತ್ತಲಲ್ಲಿತ್ತು ಎಂಬುದು ಎಂಬತ್ತು ದಾಟಿದ ಅಜ್ಜ ಅಜ್ಜಿಯರ ನೆನಪಿನಲ್ಲಷ್ಟೇ ಉಳಿದಿದೆ. ಗ್ರಾಮ ಪಂಚಾಯಿತಿಗಳು ಈಗಲೇ ಅವರನ್ನು ಕೇಳಿ ಜಾಗ ಗುರುತು ಹಾಕಿಕೊಳ್ಳಬೇಕು. ಹೊಸ ಮನೆಗೆ ಪಾಯ ತೆಗೆಯುವವರು ಹಗೇವು ಸಿಕ್ಕರೆ ಕಸ ಸುರಿದು ಮುಚ್ಚದೆ, ತಳದವರೆಗೆ ಬಗೆದು, ಪದರ ಪದರವಾಗಿ ಮಣ್ಣು ಹಾಕಿ ದಮ್ಮಸ್ಸು ಮಾಡಿಸಲಿ.