ಮೊಬೈಲ್ ಮಕ್ಕಳ ಕೈಗೆ ಕೊಡುವ ಮುನ್ನ



ಮಾನ್ಯ ದಾನಿಗಳೇ, ಪೋಷಕರೇ,

ನಮ್ಮ ವಿದ್ಯಾರ್ಥಿವೇತನ ಪಡೆಯುವ ಅನೇಕ ಮನೆಗಳಲ್ಲಿ ಇರುವುದು ಒಂದೇ ಸ್ಮಾರ್ಟ್‌ಫೋನ್. ಶಾಲೆಯ ಹೋಂವರ್ಕ್ ಅದರಲ್ಲೇ ಬರುತ್ತದೆ, ಗಲ್ಫ್‌ನಲ್ಲಿ ದುಡಿಯುವ ತಂದೆಯ ವಿಡಿಯೊ ಕರೆ ಅದರಲ್ಲೇ ಬರುತ್ತದೆ, ಅರ್ಜಿಯ ಒಟಿಪಿಯೂ ಅದಕ್ಕೇ ಬರುತ್ತದೆ. ಓದಲು ಬಾರದ ಅಜ್ಜಿಗೆ ಆ ಒಟಿಪಿ ಓದಿ ಹೇಳುವುದು ಮೂರನೆಯದೋ ನಾಲ್ಕನೆಯದೋ ತರಗತಿಯ ಮಗು. ಆದ್ದರಿಂದ ಸಾಮಾಜಿಕ ಜಾಲತಾಣದ ಪಾಠವನ್ನು ಹೈಸ್ಕೂಲಿನವರೆಗೆ ಮುಂದೂಡುವಂತಿಲ್ಲ.

ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ಗಳಲ್ಲಿ ಸ್ವಂತ ಖಾತೆ ತೆರೆಯಲು ಕನಿಷ್ಠ 13 ವರ್ಷ ಆಗಿರಬೇಕೆಂಬ ನಿಯಮವಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದೇ ಪರಿಗಣಿಸುತ್ತದೆ. ಆದರೆ ನಮ್ಮ ಮಕ್ಕಳು ಒಳಗೆ ಹೋಗುವುದು ತಾಯಿಯ ಖಾತೆಯಿಂದ. ಅಲ್ಲಿ ವಯಸ್ಸು ಕೇಳುವವರು ಯಾರೂ ಇಲ್ಲ. ಕಾವಲು ನಾವೇ ಆಗಬೇಕು. ಪಾಠ ಹೇಳಿದ ಅನುಭವದಿಂದ ನಾಲ್ಕು ವಿಷಯಗಳನ್ನು ಇಲ್ಲಿ ಹೇಳುತ್ತೇವೆ.

1. ಮನೆಯ ಮಾತು, ಬೀದಿಯ ಮಾತು. ಪೂರ್ತಿ ಹೆಸರು, ಶಾಲೆ, ಮನೆಯ ವಿಳಾಸ, ಫೋನ್ ನಂಬರ್, ಒಟಿಪಿ ಇವು ಮನೆಯೊಳಗಿನ ಮಾತು. ಇದನ್ನು ಬಾಯಿಪಾಠ ಮಾಡಿಸಿದರೆ ಸಾಲದು. ಸಮವಸ್ತ್ರ ಧರಿಸಿದ ಮಗುವಿನ ಒಂದು ಫೋಟೊ ತೋರಿಸಿ, "ಗುರುತಿಲ್ಲದವರು ಇದನ್ನು ನೋಡಿದರೆ ಏನೇನು ತಿಳಿದುಕೊಳ್ಳಬಹುದು?" ಎಂದು ಕೇಳಿ. ಬ್ಯಾಡ್ಜಿನಲ್ಲಿರುವ ಶಾಲೆಯ ಹೆಸರು, ಹಿಂದೆ ಕಾಣುವ ಅಂಗಡಿಯ ಬೋರ್ಡು, ಮನೆಯ ಗೇಟು ಎಂದು ಮಕ್ಕಳೇ ಒಂದೊಂದಾಗಿ ಹುಡುಕಿ ಹೇಳುತ್ತಾರೆ. ತಾವೇ ಕಂಡುಕೊಂಡದ್ದನ್ನು ಅವರು ಮರೆಯುವುದಿಲ್ಲ.

2. ಗುರುತಿನವರು ಯಾರು? ಆನ್‌ಲೈನ್ ಆಟದಲ್ಲಿ ದಿನವೂ ಮಾತಾಡುವವರನ್ನು ಮಕ್ಕಳು ಸ್ನೇಹಿತರೆಂದೇ ನಂಬುತ್ತಾರೆ. ಮಗುವಿನ ಚಿತ್ರ ಹಾಕಿಕೊಂಡವರು ಮಗುವೇ ಆಗಿರಬೇಕಿಲ್ಲ. ಅವರಿಗೆ ಸುಲಭವಾದ ಒಂದು ಅಳತೆ ಕೊಡಿ: ಅಮ್ಮಿಗೂ ಅಬ್ಬಾನಿಗೂ ಎದುರೆದುರು ಗೊತ್ತಿರುವವರು ಮಾತ್ರ ಗುರುತಿನವರು. "ಮನೆಯಲ್ಲಿ ಹೇಳಬೇಡ" ಎಂದು ಯಾರಾದರೂ ಅಂದರೆ, ಆ ಮಾತನ್ನೇ ಮೊದಲು ಮನೆಯಲ್ಲಿ ಹೇಳಬೇಕು.

3. ಇನ್ನೊಬ್ಬರ ಫೋಟೊ ಅಮಾನತ್. ತರಗತಿಯ ಗೆಳತಿಯ ಫೋಟೊದಿಂದ ಸ್ಟಿಕ್ಕರ್ ಮಾಡಿ ಗ್ರೂಪಿಗೆ ಹಾಕುವುದು ಮಕ್ಕಳಿಗೆ ತಮಾಷೆ. ಆದರೆ ಆ ಹುಡುಗಿ ಮರುದಿನ ಶಾಲೆಗೆ ಬರಲು ಅಂಜುತ್ತಾಳೆ. ಕೇಳದೆ ಹಾಕಬಾರದು, ನೋಡದೆ ಫಾರ್ವರ್ಡ್ ಮಾಡಬಾರದು. ಇದು ದೊಡ್ಡವರಿಗೂ ಅನ್ವಯಿಸುತ್ತದೆ. ಮಗುವಿನ ಅಂಕಪಟ್ಟಿ, ಆಧಾರ್ ಕಾರ್ಡನ್ನು ಸ್ಟೇಟಸ್‌ಗೆ ಹಾಕುವ ತಂದೆತಾಯಿಯನ್ನು ನೋಡಿಯೇ ಮಕ್ಕಳು ಕಲಿಯುತ್ತಾರೆ.

4. ಹೇಳಿದರೆ ಬೈಯುವುದಿಲ್ಲ ಎಂಬ ಭರವಸೆ. ಎಲ್ಲಕ್ಕಿಂತ ಮುಖ್ಯವಾದದ್ದು ಇದು. ತೊಂದರೆಯಾಯಿತೆಂದು ಮಗು ಹೇಳಿದ ಕೂಡಲೇ ಮೊಬೈಲ್ ಕಿತ್ತುಕೊಂಡರೆ, ಮುಂದಿನ ಸಲ ಅದು ಬಾಯಿ ಬಿಡುವುದಿಲ್ಲ. ಹೆಣ್ಣುಮಕ್ಕಳಿಗಂತೂ ಎಲ್ಲಿ ಶಾಲೆಯನ್ನೇ ಬಿಡಿಸುತ್ತಾರೋ ಎಂಬ ಭಯ ಇರುತ್ತದೆ. ಹೆದರಿಸುವವನಿಗೆ ಬೇಕಾಗಿರುವುದು ಆ ಮೌನವೇ. ಯಾರದೋ ಅಪರಾಧಕ್ಕೆ ನಮ್ಮ ಮಗಳ ಓದು ದಂಡವಾಗಬಾರದು.

ಹಾಗೇನಾದರೂ ಆದಾಗ ಸಂದೇಶಗಳನ್ನು ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಡಿ, ನಂತರ ಆ ನಂಬರನ್ನು ಬ್ಲಾಕ್ ಮಾಡಿ. ಮಗುವಿನ ಅಶ್ಲೀಲ ಚಿತ್ರ ಬಂದಿದ್ದರೆ ಸಾಕ್ಷಿಗೆಂದೂ ಅದನ್ನು ಯಾರಿಗೂ ಕಳುಹಿಸಬೇಡಿ, ಅದನ್ನು ಹಂಚುವುದೇ ಅಪರಾಧ. ಮೊಬೈಲನ್ನೇ ಪೊಲೀಸರಿಗೆ ತೋರಿಸಿ. ಮಕ್ಕಳ ಸಹಾಯವಾಣಿ 1098. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇಂದೇ ಮಾಡಬಹುದಾದ ಒಂದು ಕೆಲಸವಿದೆ. ವಾಟ್ಸ್ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ರೈವೆಸಿ ತೆರೆದು, ಗ್ರೂಪ್ಸ್ ಮತ್ತು ಪ್ರೊಫೈಲ್ ಫೋಟೊ ಎರಡನ್ನೂ 'ಮೈ ಕಾಂಟ್ಯಾಕ್ಟ್ಸ್' ಎಂದು ಬದಲಿಸಿ. ಆಗ ನಿಮ್ಮ ನಂಬರ್ ಪಟ್ಟಿಯಲ್ಲಿ ಇಲ್ಲದವರು ನಿಮ್ಮನ್ನು ನೇರವಾಗಿ ಗ್ರೂಪಿಗೆ ಸೇರಿಸಲಾರರು, ನಿಮ್ಮ ಫೋಟೊವನ್ನೂ ನೋಡಲಾರರು. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಇದನ್ನು ಮಾಡಿ.

ದಾನಿಗಳಲ್ಲಿ ಒಂದು ವಿನಂತಿ. ತಾವು ಕೊಡುವ ಹಣದಿಂದ ಪುಸ್ತಕ, ಶುಲ್ಕಗಳ ಜೊತೆಗೆ ಅನೇಕ ಮಕ್ಕಳ ಕೈಗೆ ಮೊಬೈಲ್ ಕೂಡ ಬಂದಿದೆ. ಅದನ್ನು ಬಳಸುವ ತಿಳಿವಳಿಕೆಯೂ ಅವರಿಗೆ ಸಿಗಲಿ. ತಮ್ಮ ಊರಿನ ಶಾಲೆ, ಮದರಸಾಗಳಲ್ಲಿ ತಾಯಂದಿರನ್ನೂ ಮಕ್ಕಳನ್ನೂ ಒಟ್ಟಿಗೆ ಕೂರಿಸಿ ಇಂಥ ಒಂದು ಗಂಟೆಯ ಪಾಠ ಏರ್ಪಡಿಸಲು ನೆರವಾಗಿ.

ಅರ್ಜಿದಾರರ ಗಮನಕ್ಕೆ: ನಮ್ಮ ಟ್ರಸ್ಟ್ ಒಟಿಪಿ ಕೇಳುವುದಿಲ್ಲ, ಅರ್ಜಿಗೆ ಶುಲ್ಕ ಪಡೆಯುವುದಿಲ್ಲ. "ವಿದ್ಯಾರ್ಥಿವೇತನ ಮಂಜೂರಾಗಿದೆ, ಮೊದಲು ಹಣ ಕಟ್ಟಿ" ಎಂಬ ಕರೆ ಬಂದರೆ ಅದು ಮೋಸದ ಕರೆ. ಫೋನ್ ಎತ್ತುವ ಮಗುವಿಗೂ ಇದನ್ನು ಹೇಳಿಡಿ.