ಮಗುವಿನ ‘ಸೋಮಾರಿ ಕಣ್ಣು’

ಮಗುವಿನ ಒಂದು ಕಣ್ಣು ಮಂದವಾಗಿದ್ದರೂ ಅದು ತಂದೆತಾಯಿಗಳ ಗಮನಕ್ಕೆ ಬಾರದೆ ಹೋಗುವುದುಂಟು. ಇನ್ನೊಂದು ಕಣ್ಣಿನ ಬಲದಿಂದ ಮಗು ಓಡಾಡುತ್ತದೆ, ಚಿತ್ರ ಬರೆಯುತ್ತದೆ. ಹುಟ್ಟಿನಿಂದಲೂ ಹಾಗೆಯೇ ಕಂಡಿರುವುದರಿಂದ ಅದು ದೂರುವುದಿಲ್ಲ.

ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವು ಚೆಂಡಿನಂತೆ ಎಲ್ಲ ದಿಕ್ಕಿನಲ್ಲಿಯೂ ಸಮನಾಗಿ ಬಾಗಿರಬೇಕು. ಒಂದು ದಿಕ್ಕಿನಲ್ಲಿ ಹೆಚ್ಚು, ಇನ್ನೊಂದರಲ್ಲಿ ಕಡಿಮೆ ಬಾಗಿದ್ದರೆ ಬೆಳಕಿನ ಕಿರಣಗಳು ಒಂದೆಡೆ ಕೂಡದೆ ಬಿಂಬ ಮಸುಕಾಗುತ್ತದೆ. ಇದೇ ಆಸ್ಟಿಗ್ಮ್ಯಾಟಿಸಂ. ಒಂದೇ ಕಣ್ಣಿನಲ್ಲಿ ಈ ದೋಷ ಅಧಿಕವಾಗಿದ್ದರೆ, ಬೆಳೆಯುವ ಮೆದುಳು ಮಸುಕಾದ ಬಿಂಬವನ್ನು ಕಡೆಗಣಿಸಿ ಒಳ್ಳೆಯ ಕಣ್ಣನ್ನೇ ನೆಚ್ಚುತ್ತದೆ. ಮಂದವಾದ ಕಣ್ಣು ಸ್ಪಷ್ಟವಾಗಿ ನೋಡಲು ಕಲಿಯುವುದೇ ಇಲ್ಲ. ಇದನ್ನು ‘ಸೋಮಾರಿ ಕಣ್ಣು’ ಎನ್ನುತ್ತಾರೆ. ಮೆಳ್ಳೆಗಣ್ಣಿನಿಂದಲೂ ಹೀಗಾಗಬಹುದು. ಮೆಳ್ಳೆಗಣ್ಣು ಅದೃಷ್ಟದ ಗುರುತೆಂದು ನಂಬಿ ಸುಮ್ಮನಿರುವುದು ತರವಲ್ಲ.

ಪರೀಕ್ಷೆಯಲ್ಲಿ ಮುಖ್ಯವಾದುದು ಒಂದೊಂದೇ ಕಣ್ಣನ್ನು ಮುಚ್ಚಿ ನೋಡುವುದು. ಹೊರನಾಡಿನ ನಮ್ಮ ಮಕ್ಕಳಿಗೆ ಕನ್ನಡ, ಮರಾಠಿ, ಇಂಗ್ಲಿಷ್ ಯಾವ ಅಕ್ಷರವೂ ಬಾರದಿದ್ದರೂ ಚಿಂತೆಯಿಲ್ಲ. ಚಿತ್ರಗಳ ಫಲಕವುಂಟು, ‘ಇ’ ಆಕಾರದ ಗುರುತು ಯಾವ ಕಡೆ ತಿರುಗಿದೆಯೆಂದು ಬೆರಳಿನಿಂದ ತೋರಿಸಿದರೂ ಸಾಕು. ಬಳಿಕ ವೈದ್ಯರು ಪಾಪೆ ಅಗಲಿಸುವ ಹನಿ ಹಾಕಿ, ಬೆಳಕು ಬಿಟ್ಟು ಕನ್ನಡಕದ ಅಳತೆಯನ್ನು ನಿರ್ಧರಿಸುತ್ತಾರೆ. ಇದಕ್ಕೆ ಮಗುವಿನ ಉತ್ತರವೇ ಬೇಡ.

ಚಿಕಿತ್ಸೆಯ ಮೊದಲ ಮೆಟ್ಟಿಲು ಕನ್ನಡಕ. ಅದನ್ನು ಓದುವಾಗ ಮಾತ್ರವಲ್ಲ, ದಿನವಿಡೀ ಧರಿಸಬೇಕು. ಕೆಲವು ಮಕ್ಕಳಿಗೆ ಇಷ್ಟೇ ಸಾಕಾಗುತ್ತದೆ. ಸಾಲದಿದ್ದರೆ ಒಳ್ಳೆಯ ಕಣ್ಣಿಗೆ ಪಟ್ಟಿ ಹಾಕಿ ಮಂದವಾದ ಕಣ್ಣಿಗೆ ಕೆಲಸ ಕೊಡಬೇಕು. ಮಧ್ಯಮ ತರಗತಿಯ ದೋಷವಿರುವ, 7 ವರ್ಷದೊಳಗಿನ ಮಕ್ಕಳಲ್ಲಿ ದಿನಕ್ಕೆ 2 ಗಂಟೆಯ ಪಟ್ಟಿಯೂ 6 ಗಂಟೆಯ ಪಟ್ಟಿಯಷ್ಟೇ ಫಲ ಕೊಟ್ಟಿತೆಂದು 2003ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ದೋಷ ತೀವ್ರವಾಗಿದ್ದರೆ ಹೆಚ್ಚು ಹೊತ್ತು ಬೇಕಾದೀತು. ಪಟ್ಟಿಯನ್ನು ಚರ್ಮಕ್ಕೇ ಅಂಟಿಸಿ ಮೇಲೆ ಕನ್ನಡಕ ಹಾಕಬೇಕು. ಗಾಜಿಗೆ ಅಂಟಿಸಿದರೆ ಮಗು ಸಂದಿಯಿಂದ ಇಣುಕುತ್ತದೆ. ಪಟ್ಟಿ ಒಲ್ಲದ ಮಕ್ಕಳಿಗೆ ಒಳ್ಳೆಯ ಕಣ್ಣಿಗೆ ಅಟ್ರೋಪಿನ್ ಹನಿ ಹಾಕುವ ಕ್ರಮವೂ ಇದೆ. ಅದು ವೈದ್ಯರ ಸಲಹೆಯಂತೆಯೇ ಆಗಬೇಕು.

7 ವರ್ಷದೊಳಗೆ ಆರಂಭಿಸಿದ ಚಿಕಿತ್ಸೆಗೆ ಫಲ ಹೆಚ್ಚು. ಆ ವಯಸ್ಸು ದಾಟಿದ ಅನೇಕ ಮಕ್ಕಳಲ್ಲಿಯೂ ಸುಧಾರಣೆ ಕಂಡಿದೆಯಾದ್ದರಿಂದ ನಿರಾಶರಾಗಬೇಕಿಲ್ಲ. ದೃಷ್ಟಿ ಸುಧಾರಿಸಿದೊಡನೆ ಪಟ್ಟಿಯನ್ನು ತಾವಾಗಿಯೇ ಬಿಡಬಾರದು, ದೋಷ ಮರುಕಳಿಸಬಹುದು. ಮಗುವನ್ನು ಶಾಲೆಗೆ ಸೇರಿಸುವ ಮುನ್ನ ಅದರ ಎರಡು ಕಣ್ಣುಗಳನ್ನೂ ಬೇರೆಬೇರೆಯಾಗಿ ಪರೀಕ್ಷಿಸುವುದು ಪ್ರತಿಯೊಬ್ಬ ಪಾಲಕರ ಕರ್ತವ್ಯ.