ನಿಮಗಿದು ಗೊತ್ತೇ? ಹಾಡಿಗೆಂದೇ ಬಂದ ಸ್ಲೈಡ್ ಫೋನುಗಳ ಕಥೆ

1999ರ ‘ದಿ ಮ್ಯಾಟ್ರಿಕ್ಸ್’ ಸಿನಿಮಾದಲ್ಲಿ ಗುಂಡಿ ಒತ್ತಿದೊಡನೆ ನೋಕಿಯಾ 8110ರ ಮುಚ್ಚಳ ಟಪ್ಪನೆ ಕೆಳಕ್ಕೆ ಜಾರುತ್ತದೆ. ಅದನ್ನು ನೋಡಿ ಮರುಳಾಗಿ ಅಂಗಡಿಗೆ ಹೋದವರಿಗೆ ನಿರಾಸೆಯೇ ಗತಿ. ಮಾರಾಟಕ್ಕಿದ್ದ 8110ರಲ್ಲಿ ಸ್ಪ್ರಿಂಗೇ ಇರಲಿಲ್ಲ, ಮುಚ್ಚಳವನ್ನು ಬೆರಳಿನಿಂದ ಎಳೆಯಬೇಕಿತ್ತು. ಸ್ಪ್ರಿಂಗನ್ನು ಸಿನಿಮಾಕ್ಕೆಂದೇ ಸೇರಿಸಿದ್ದರು. ಆಮೇಲೆ ಬಂದ ನೋಕಿಯಾ 7110ರಲ್ಲಿ ಅದು ನಿಜವಾಗಿಯೂ ಸಿಕ್ಕಿತು.

ಇನ್ನು ಹಾಡಿನ ಫೋನುಗಳಿಗೆ ಬರೋಣ. ಸೋನಿ ಎರಿಕ್ಸನ್‌ನ ಮೊದಲ ವಾಕ್‌ಮನ್ ಫೋನು ಡಬ್ಲ್ಯು800 ಬಂದದ್ದು 2005ರಲ್ಲಿ. ಅದು ಸ್ಲೈಡ್ ಅಲ್ಲ. ಸ್ಲೈಡ್ ರೂಪದ ಮೊದಲ ವಾಕ್‌ಮನ್ ಫೋನು ಮರುವರ್ಷದ ಡಬ್ಲ್ಯು850. ಅದೇ 2006ರಲ್ಲಿ ನೋಕಿಯಾ ಕೂಡ 5300 ಎಕ್ಸ್‌ಪ್ರೆಸ್ ಮ್ಯೂಸಿಕ್ ಎಂಬ ಸ್ಲೈಡ್ ಸೆಟ್ಟನ್ನು ತಂದಿತು.

‘ಮ್ಯೂಸಿಕ್ ಫೋನ್’ ಎಂದು ಡಬ್ಬದ ಮೇಲೆ ಬರೆದ ಮಾತ್ರಕ್ಕೆ ಅದು ಹಾಡಿನ ಫೋನಾಗುತ್ತದೆಯೇ? 2005ರ ಮೊಟೊರೋಲಾ ರಾಕರ್ ಇ1 ನೆನಪಿಸಿಕೊಳ್ಳಿ. ಆ್ಯಪಲ್‌ನ ಐಟ್ಯೂನ್ಸ್ ಇದ್ದ ಫೋನು ಎಂದು ಭಾರಿ ಸದ್ದು ಮಾಡಿತ್ತು. ಆದರೆ ಕಾರ್ಡಿನಲ್ಲಿ ಎಷ್ಟೇ ಜಾಗ ಉಳಿದಿದ್ದರೂ 100 ಹಾಡಾದ ಮೇಲೆ ಅದು ಇನ್ನೊಂದನ್ನೂ ಸೇರಿಸಿಕೊಳ್ಳುತ್ತಿರಲಿಲ್ಲ!

ಹಾಡಿಗೆಂದು ಮಾಡಿದ ಸ್ಲೈಡ್ ಸೆಟ್ಟನ್ನು ಅಳೆಯಲು ನನ್ನ ಮೊದಲ ಪರೀಕ್ಷೆ ಇದು: ಫೋನು ಮುಚ್ಚಿದ್ದಾಗ, ಜೇಬಿನೊಳಗೆ ಕೈಬಿಟ್ಟು, ಕಣ್ಣಿಂದ ನೋಡದೆ ಹಾಡು ಬದಲಿಸಲು ಆಗುತ್ತದೆಯೇ? ನೋಕಿಯಾ 5300ರಲ್ಲಿ ಪರದೆಯ ಪಕ್ಕದಲ್ಲೇ ಹಾಡಿನ ಗುಂಡಿಗಳು ಎದ್ದು ನಿಂತಿದ್ದವು. ಬೆರಳಿಗೆ ತಾನಾಗಿ ಸಿಗುತ್ತಿದ್ದವು. ಪಾಸು. ಎಲ್‌ಜಿ ಚಾಕೊಲೇಟ್ ಎಂಬ ಸ್ಲೈಡ್ ಫೋನಿನ ಮುಖದ ಮೇಲೆ ಕೆಂಪಗೆ ಮಿನುಗುವ ಟಚ್ ಗುಂಡಿಗಳಿದ್ದವು. ನೋಡಲು ಬಲು ಚೆಂದ, ತಡವಿದರೆ ಬರೀ ನುಣುಪು. ಅಂದಕ್ಕೆ ಎಷ್ಟು ಬೇಕಾದರೂ ಅಂಕ ಕೊಡೋಣ, ಈ ಪರೀಕ್ಷೆಯಲ್ಲಂತೂ ಫೇಲು.

ಎರಡೂ ಕಡೆ ಜಾರುವ ಫೋನು ಗೊತ್ತೇ? ನೋಕಿಯಾ ಎನ್95. ಪರದೆಯನ್ನು ಮೇಲಕ್ಕೆ ಸರಿಸಿದರೆ ಅಂಕಿಗಳ ಕೀಲಿಮಣೆ, ಕೆಳಕ್ಕೆ ಸರಿಸಿದರೆ ಹಾಡಿನ ಗುಂಡಿಗಳು. ಪರದೆಯ ಚಿತ್ರ ತಾನೇ ಅಡ್ಡಕ್ಕೆ ತಿರುಗಿಕೊಳ್ಳುತ್ತಿತ್ತು. ಮಾಮೂಲು 3.5 ಮಿ.ಮೀ. ಇಯರ್‌ಫೋನ್ ತೂತೂ ಇತ್ತು. ‘ಮ್ಯೂಸಿಕ್’ ಎಂದು ಹೆಸರಿಟ್ಟುಕೊಳ್ಳದೆಯೇ ಆ ಹೆಸರಿನ ಹಲವು ಫೋನುಗಳಿಗಿಂತ ಒಳ್ಳೆಯ ಹಾಡಿನ ಫೋನು ಅದು ಎಂಬುದು ನನ್ನ ಅಭಿಪ್ರಾಯ.

ತೂತಿನ ಮಾತು ಬಂದಿತಲ್ಲ, ಇನ್ನೊಂದು ವಿಚಿತ್ರ ಕೇಳಿ. 1979ರ ಜುಲೈ 1ರಂದು ಜಪಾನಿನಲ್ಲಿ ಮಾರಾಟಕ್ಕೆ ಬಂದ ಸೋನಿಯ ಮೊಟ್ಟಮೊದಲ ವಾಕ್‌ಮನ್, ಟಿಪಿಎಸ್-ಎಲ್2, ಹೆಡ್‌ಫೋನಿಗೆಂದು ಒಂದಲ್ಲ, ಎರಡು ತೂತು ಹೊಂದಿತ್ತು. ಇಬ್ಬರು ಒಟ್ಟಿಗೆ ಕೇಳಲಿ ಎಂದು. ಅದೇ ಹೆಸರು ಹೊತ್ತ ಫೋನುಗಳಿಗೆ 3.5 ಮಿ.ಮೀ. ತೂತು ಕೊಡಲು ಕಂಪನಿ ಕಾದದ್ದು 2009ರ ಡಬ್ಲ್ಯು995ರವರೆಗೆ! ಅದೂ ಒಂದು ಸ್ಲೈಡ್ ಫೋನೇ. ಅಲ್ಲಿಯವರೆಗೆ ಚಾರ್ಜರು, ಇಯರ್‌ಫೋನು, ಕಂಪ್ಯೂಟರಿನ ಕೇಬಲ್ಲು ಎಲ್ಲಕ್ಕೂ ಕಂಪನಿಯದೇ ಒಂದು ಅಗಲ ಬಾಯಿ. ನಿಮ್ಮ ಮೆಚ್ಚಿನ ಇಯರ್‌ಫೋನು ಸಿಕ್ಕಿಸಬೇಕಾದರೆ ನಡುವೆ ಅವರ ಮೈಕಿನ ತಂತಿ ಇರಲೇಬೇಕು. ಹಳೆಯ ವಾಕ್‌ಮನ್ ಸೆಟ್ ಕೊಳ್ಳುವವರು ಆ ತಂತಿ ಜೊತೆಗಿದೆಯೇ ಎಂದು ಮೊದಲು ನೋಡಬೇಕು.

ಸರಿ, ಕಾರ್ಡಿನಲ್ಲಿ ಎಷ್ಟು ಹಾಡು ಹಿಡಿಸುತ್ತವೆ? 128 ಕೆಬಿಪಿಎಸ್ ಎಂಪಿ3ಯಲ್ಲಿ ಒಂದು ನಿಮಿಷದ ಹಾಡಿಗೆ ಸುಮಾರು 1 ಎಂಬಿ ಬೇಕು. ಸಿ.ಡಿ.ಯಲ್ಲಿ ಅದೇ ಒಂದು ನಿಮಿಷ 10 ಎಂಬಿಗಿಂತ ಹೆಚ್ಚು ನುಂಗುತ್ತದೆ. 1 ಜಿಬಿ ಕಾರ್ಡಿಗೆ ಐದೈದು ನಿಮಿಷದ ಹಾಡು ಇನ್ನೂರರಷ್ಟು.

ಸಿ.ಡಿ.ಯ ಹತ್ತು ಪಾಲಿನಲ್ಲಿ ಉಳಿದ ಒಂಬತ್ತು ಎಲ್ಲಿ ಹೋಯಿತು? ಕಿವಿಗೆ ಗೊತ್ತಾಗದು ಎಂದು ಲೆಕ್ಕ ಹಾಕಿ ಕಿತ್ತೆಸೆದದ್ದು. ಕೆಲವೊಮ್ಮೆ ಕಿವಿಗೆ ಗೊತ್ತಾಗಿಬಿಡುತ್ತದೆ. ಎಂಪಿ3 ಸದ್ದನ್ನು ಸಣ್ಣ ಸಣ್ಣ ತುಂಡು ಮಾಡಿ ಹಿಂಡುತ್ತದೆ. ಒಂದು ತುಂಡಿನಲ್ಲಿ ಮೊದಲು ಮೌನವಿದ್ದು, ಕೊನೆಗೆ ತಟ್ಟನೆ ಪೆಟ್ಟು ಬಿದ್ದರೆ, ಹಿಂಡಿದ ಕಲ್ಮಶ ತುಂಡಿನ ಉದ್ದಕ್ಕೂ ಹರಡುತ್ತದೆ. ಹಾಗಾಗಿ ಪೆಟ್ಟು ಬೀಳುವ ಮೊದಲೇ ಅದರ ನೆರಳಿನಂಥ ಸುಯ್ಯೆಂಬ ಸದ್ದು ಕೇಳುತ್ತದೆ. ಇದನ್ನು ಹಿಡಿಯಲು ಎಂಜಿನಿಯರುಗಳು ಸ್ಪೇನಿನ ಕ್ಯಾಸ್ಟನೆಟ್ಸ್ ಎಂಬ ಮರದ ಚಿಟಿಕೆವಾದ್ಯದ ರೆಕಾರ್ಡಿಂಗ್ ಬಳಸುತ್ತಾರೆ. ನಮಗೆ ಸ್ಪೇನಿನವರೆಗೆ ಹೋಗುವ ಅಗತ್ಯವಿಲ್ಲ, ಯಕ್ಷಗಾನದ ಚೆಂಡೆ ಇದೆ. ಒಳ್ಳೆಯ ರೆಕಾರ್ಡಿಂಗೊಂದನ್ನು 64 ಕೆಬಿಪಿಎಸ್‌ಗೂ 192ಕ್ಕೂ ಹಿಂಡಿ ಒಂದರ ಹಿಂದೆ ಒಂದು ಕೇಳಿ. 64ರಲ್ಲಿ ಚೆಂಡೆಯ ಏಟು ಮೊಂಡಾಗಿ, ಭಾಗವತರ ಜಾಗಟೆ ನೀರಿನಲ್ಲಿ ಬಡಿದಂತೆ ಕೇಳಿಸಿದರೆ ಬೈಗುಳ ಫೋನಿಗಲ್ಲ, ಫೈಲಿಗೆ ಸಲ್ಲಬೇಕು. ಆಗಿನ ಕಾಲಕ್ಕೆ ತಾಲ್ಲೂಕು ಊರುಗಳ ಅಂಗಡಿಗಳಲ್ಲಿ ಕಾರ್ಡಿಗೆ ಹಾಡು ತುಂಬಿಸಿಕೊಂಡು ಬಂದು, ಸದ್ದು ಚೆನ್ನಾಗಿಲ್ಲ ಎಂದು ಸೆಟ್ಟನ್ನೇ ಮಾರಿದವರುಂಟು.

ತಾಳಮದ್ದಳೆಯ ಪ್ರಸಂಗವನ್ನು ಹತ್ತು ಟ್ರ್ಯಾಕಾಗಿ ಕತ್ತರಿಸಿದರೆ ಪ್ರತಿ ಗಡಿಯಲ್ಲೂ ಚೂರು ಮೌನ ನುಸುಳುವುದೂ ಈ ತುಂಡುಗಳ ಕರಾಮತ್ತೇ. 1152 ಸ್ಯಾಂಪಲ್‌ಗಳ (ಸದ್ದಿನ ಅಳತೆಗಳ) ತುಂಡು ತುಂಬದಿದ್ದರೆ ಉಳಿದ ಜಾಗಕ್ಕೆ ಖಾಲಿ ಸದ್ದು ಸೇರುತ್ತದೆ.

ಕೈ ಝಾಡಿಸಿದರೆ ಹಾಡು ಬದಲು! ವಾಕ್‌ಮನ್ ಫೋನುಗಳಾದ ಡಬ್ಲ್ಯು580 ಮತ್ತು ಡಬ್ಲ್ಯು910 (ಎರಡೂ 2007) ಈ ಆಟ ತಂದವು. ಒಂದು ಕಡೆ ಬೀಸಿದರೆ ಮುಂದಿನ ಹಾಡು, ಇನ್ನೊಂದು ಕಡೆ ಬೀಸಿದರೆ ಹಿಂದಿನದು, ಅಲುಗಾಡಿಸಿದರೆ ಕಲಸುಮೇಲೋಗರ. ಆದರೆ ಅದಕ್ಕೆ ವಾಕ್‌ಮನ್ ಗುಂಡಿ ಒತ್ತಿ ಹಿಡಿದಿರಬೇಕು. ಪುಣ್ಯ! ಇಲ್ಲದಿದ್ದರೆ ನಮ್ಮ ರಸ್ತೆಗಳಲ್ಲಿ ಬಸ್ಸಿನ ಪ್ರತಿ ಕುಲುಕಿಗೂ ಪಲ್ಲವಿ ಹಾರಿ ಹೋಗುತ್ತಿತ್ತು.

ಡಬ್ಲ್ಯು910ರಲ್ಲಿದ್ದ ಸೆನ್ಸ್‌ಮಿ ಎಂಬ ಸೌಲಭ್ಯ ಹಾಡುಗಳನ್ನು ನಕ್ಷೆಯ ಮೇಲೆ ಚುಕ್ಕೆಗಳಾಗಿ ಹರಡುತ್ತಿತ್ತು: ಒಂದು ದಿಕ್ಕಿನಲ್ಲಿ ಖುಷಿ-ದುಃಖ, ಇನ್ನೊಂದರಲ್ಲಿ ನಿಧಾನ-ವೇಗ. ತೂಗುವುದು ಸದ್ದನ್ನಷ್ಟೇ, ಸಾಹಿತ್ಯವನ್ನಲ್ಲ. ಲಯ ಚುರುಕಾಗಿದ್ದರೆ ವಿರಹಗೀತೆಯೂ ಖುಷಿಯ ಪಾಲಾಗಬಹುದು.

ಈ ಫೋನುಗಳಲ್ಲಿ ಎಫ್ಎಂ ಕೇಳಲು ಇಯರ್‌ಫೋನು ಸಿಕ್ಕಿಸಲೇಬೇಕಿತ್ತು, ಏಕೆ? ಅದರ ತಂತಿಯೇ ಆಂಟೆನಾ. 100 ಮೆಗಾಹರ್ಟ್ಸ್ ಅಲೆಯ ಉದ್ದ 3 ಮೀಟರ್. ಅದರ ಕಾಲುಭಾಗ ಮುಕ್ಕಾಲು ಮೀಟರ್. ಹೆಚ್ಚು ಕಡಿಮೆ ಇಯರ್‌ಫೋನಿನ ತಂತಿಯ ಅಳತೆಯೇ. ಅಂದಹಾಗೆ, ದೇಶದ ಮೊದಲ ಖಾಸಗಿ ಎಫ್ಎಂ ಕೇಂದ್ರ 2001ರಲ್ಲಿ ಶುರುವಾದದ್ದು ನಮ್ಮ ಬೆಂಗಳೂರಿನಲ್ಲೇ: ರೇಡಿಯೋ ಸಿಟಿ.

ಬ್ಲೂಟೂತ್‌ನಲ್ಲಿ ಕೇಳಿದರೆ? ಮೊದಲೇ ಹಿಂಡಿದ ಎಂಪಿ3ಯನ್ನು ಫೋನು ಬಿಡಿಸಿ, ಎಸ್‌ಬಿಸಿ ಎಂಬ ಇನ್ನೊಂದು ವಿಧಾನದಲ್ಲಿ ಮತ್ತೊಮ್ಮೆ ಹಿಂಡಿ ಕಳಿಸುತ್ತಿತ್ತು. ತಂತಿಯೇ ವಾಸಿ.

ಸ್ಲೈಡ್ ಫೋನಿನ ಜೀವ ಇರುವುದು ಎಲ್ಲಿ? ಮೇಲಿನ ಭಾಗವನ್ನೂ ಕೆಳಗಿನ ಭಾಗವನ್ನೂ ಜೋಡಿಸುವ, ಕಾಗದದಷ್ಟು ತೆಳ್ಳನೆಯ ಒಂದು ಪಟ್ಟಿಯಲ್ಲಿ. ರಿಪೇರಿಯವರು ಅದನ್ನು ‘ಸ್ಟ್ರಿಪ್’ ಎನ್ನುತ್ತಾರೆ. ತೆರೆದಾಗಲೊಮ್ಮೆ, ಮುಚ್ಚಿದಾಗಲೊಮ್ಮೆ ಅದು ಬಾಗುತ್ತದೆ. ಬಾಗಿ ಬಾಗಿ ಒಳಗಿನ ತಾಮ್ರದ ಗೆರೆ ಬಿರಿಯುತ್ತದೆ. ಹಳೆಯ ಸೆಟ್ ಕೊಳ್ಳುವಾಗ ಹಾಡು ಹಾಕಿ, ನಿಧಾನವಾಗಿ ತೆರೆಯುತ್ತ ಮುಚ್ಚುತ್ತ ನೋಡಿ. ಅರ್ಧದಲ್ಲಿ ಪರದೆ ಬೆಳ್ಳಗಾದರೆ, ಇಲ್ಲವೇ ಸ್ಪೀಕರ್ ಸದ್ದು ಕಟ್ಟಾದರೆ ಸ್ಟ್ರಿಪ್ ಹೋಗುತ್ತಿದೆ ಎಂದೇ ಅರ್ಥ. ಬೆಲೆ ಇಳಿಸಲು ಒಳ್ಳೆಯ ನೆಪ.

ಕಾರ್ಡನ್ನೂ ನೋಡಿಕೊಳ್ಳಿ. ಡಬ್ಲ್ಯು910ರಂಥವಕ್ಕೆ ಮೆಮೊರಿ ಸ್ಟಿಕ್ ಮೈಕ್ರೋ ಅಥವಾ ಎಂ2 ಎಂಬ ಕಾರ್ಡೇ ಬೇಕು. ಮೈಕ್ರೋ ಎಸ್‌ಡಿ ಕೂರುವುದಿಲ್ಲ. ನೋಕಿಯಾ 5300ಕ್ಕೆ ಆ ತಾಪತ್ರಯವಿಲ್ಲ, ಆದರೆ 2 ಜಿಬಿಗಿಂತ ದೊಡ್ಡ ಕಾರ್ಡು ಹಾಕಬೇಡಿ. ಜಿಯೋ ಸಿಮ್ ಇವ್ಯಾವುದರಲ್ಲೂ ನಡೆಯದು, ಅದಕ್ಕೆ 4ಜಿಯೇ ಬೇಕು. ಮತ್ತೆ ಡಬ್ಲ್ಯು850ರಲ್ಲಿ ಹಾಡಿನ ತುಣುಕು ಕೇಳಿಸಿಕೊಂಡು ಹೆಸರು ಹೇಳುವ ಟ್ರ್ಯಾಕ್‌ಐಡಿ ಎಂಬುದೊಂದಿದೆ. ಒತ್ತಿದರೆ ಏನೂ ಬರಲಿಲ್ಲವೆಂದು ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಆ ಸೇವೆ 2017ರಲ್ಲೇ ನಿಂತುಹೋಗಿದೆ.